ಮುಂದಿನ ವರ್ಷಕ್ಕೆ ಯಾರ ಬೀಜ? ಕಾಡುಹುಲ್ಲು ರಾಗಿಯಾದ ಲೆಕ್ಕ

ಪೂರ್ವ ಆಫ್ರಿಕಾದ ಎತ್ತರದ ಸೀಮೆಗಳಲ್ಲಿ, ಇಥಿಯೋಪಿಯಾದಿಂದ ಉಗಾಂಡದವರೆಗೆ, ರಾಗಿಯನ್ನೇ ಹೋಲುವ ಒಂದು ಕಾಡುಹುಲ್ಲು ಬೆಳೆಯುತ್ತದೆ. ತೆನೆಯಲ್ಲಿ ಅದೇ ಬೆರಳುಗಳು, ಆದರೆ ಸಣಕಲು. ಕಾಳು ಚಿಕ್ಕದು, ಕೊಂಚ ಉದ್ದ, ಹೊಟ್ಟಿನೊಳಗೆ ಅಡಗಿರುತ್ತದೆ. ಮಾಗಿತೆಂದರೆ ಗಾಳಿ ಬೀಸಿದರೂ ಸಾಕು, ತೆನೆ ಕಳಚಿ ಕಾಳು ಮಣ್ಣು ಸೇರುತ್ತದೆ. ನಮ್ಮ ರಾಗಿ ಈ ಹುಲ್ಲಿನ ಸಂತಾನ. ರಾಗಿಯ ಕಾಳು ದುಂಡಗೆ, ಹೊಟ್ಟಿನಿಂದ ಸುಲಭವಾಗಿ ಬಿಡುವಂಥದ್ದು. ಆದರೆ ಕೊಯ್ದು, ಬಣವೆ ಹಾಕಿ, ಕಣದಲ್ಲಿ ರೋಣಗಲ್ಲು ಉರುಳಿಸುವವರೆಗೆ ತೆನೆ ಅದನ್ನು ಹಿಡಿದುಕೊಂಡೇ ಇರುತ್ತದೆ. ಕಾಡಿನಲ್ಲಿ ಇಂಥ ಗಿಡಕ್ಕೆ ಉಳಿಗಾಲವಿಲ್ಲ, ಹೊಲದಲ್ಲಿ ಇಂಥದ್ದಕ್ಕೆ ಮಾತ್ರ ಉಳಿಗಾಲ.

ಈ ದೂರ ಕ್ರಮಿಸಿದ್ದು ಹೇಗೆ ಎಂದು ಬಿಡಿಸಿ ನೋಡಿದರೆ ವಿಕಾಸದ ಯಂತ್ರದ ಬಹುತೇಕ ಭಾಗಗಳು ಕಣ್ಣಿಗೆ ಬೀಳುತ್ತವೆ. ಅದಕ್ಕೆ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡಬೇಕು. ಜೀವಿಗಳು ಪರಿಸರಕ್ಕೆ ತಕ್ಕಂತೆ ತಮ್ಮನ್ನು ತಾವು ಬದಲಿಸಿಕೊಳ್ಳುತ್ತವೆ, ಅದೇ ವಿಕಾಸ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ವಾಸ್ತವದಲ್ಲಿ ಒಂದೊಂದು ಗಿಡ ಹುಟ್ಟಿದ ತಳಿಗುಣದಲ್ಲೇ ಬದುಕಿ ಸಾಯುತ್ತದೆ. ಬದಲಾಗುವುದು ಹೊಲ. ಈ ವರ್ಷ ಹೊಲದಲ್ಲಿ ನೂರಕ್ಕೆ ಎರಡು ಗಿಡ ಒಂದು ಥರ ಇದ್ದರೆ, ಮುಂದಿನ ವರ್ಷ ನೂರಕ್ಕೆ ಮೂರು ಆ ಥರ ಇರಬಹುದು. ವಿಕಾಸ ಎಂದರೆ ಈ ಪ್ರಮಾಣದ ಏರಿಳಿತ, ಅಷ್ಟೇ. ಹಾಗಾಗಿ ಎಲ್ಲ ಸಂದರ್ಭದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಮುಂದಿನ ವರ್ಷಕ್ಕೆ ಯಾರ ಬೀಜ ಹೋಗುತ್ತದೆ?

ಇದು ನಡೆಯಬೇಕಾದರೆ ಮೂರು ಸಂಗತಿ ಒಟ್ಟಿಗೆ ಇರಬೇಕು. ಗಿಡಗಳ ನಡುವೆ ವ್ಯತ್ಯಾಸ ಇರಬೇಕು. ಆ ವ್ಯತ್ಯಾಸ ಬೀಜದ ಮೂಲಕ ಮಕ್ಕಳಿಗೆ ಇಳಿಯುವಂತಿರಬೇಕು. ಆ ವ್ಯತ್ಯಾಸದಿಂದಾಗಿ ಕೆಲವಕ್ಕೆ ಹೆಚ್ಚು ಸಂತಾನ, ಕೆಲವಕ್ಕೆ ಕಡಿಮೆ ಸಂತಾನ ಆಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಎಷ್ಟು ವರ್ಷ ಆರಿಸಿದರೂ ಏನೂ ಆಗುವುದಿಲ್ಲ. ಹೊಸ ವ್ಯತ್ಯಾಸ ಹುಟ್ಟುವುದು ವಂಶವಾಹಿಯ ನಕಲು ಮಾಡುವಾಗ ಆಗುವ ತಪ್ಪಿನಿಂದ. ಗಿಡಕ್ಕೆ ಬೇಕು ಎಂಬ ಕಾರಣಕ್ಕೆ ಆ ತಪ್ಪು ಆಗುವುದಿಲ್ಲ. ಬಹುಪಾಲು ತಪ್ಪುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೆಲವು ಕೆಡುಕು ಮಾಡುತ್ತವೆ. ಅಪರೂಪಕ್ಕೊಂದು ಉಪಯೋಗಕ್ಕೆ ಬರುತ್ತದೆ. ಯಾವುದು ಉಪಯೋಗ, ಯಾವುದು ಕೆಡುಕು ಎಂಬುದೂ ಗಿಡ ನಿಂತ ಜಾಗದ ಮೇಲೆ ಹೋಗುತ್ತದೆ. ಕಾಳು ಉದುರದಿರುವುದು ಕಾಡಿನಲ್ಲಿ ಮಾರಕ ದೋಷ.

ಕುಡುಗೋಲು ಮಾಡಿದ ಆಯ್ಕೆ

ಕಾಡುಹುಲ್ಲಿನ ಕಾಳು ಕೂಡಿಸಲು ಎರಡು ದಾರಿಗಳಿವೆ. ಒಂದು, ತೆನೆಯನ್ನು ಬುಟ್ಟಿಯ ಮೇಲೆ ಬಗ್ಗಿಸಿ ಕೋಲಿನಿಂದ ತಟ್ಟುವುದು. ಇನ್ನೊಂದು, ತೆನೆಯನ್ನೇ ಕೊಯ್ದು ಮನೆಗೆ ಒಯ್ಯುವುದು. ತಟ್ಟಿದರೆ ಬುಟ್ಟಿಗೆ ಬೀಳುವುದು ಸುಲಭವಾಗಿ ಉದುರುವ ಕಾಳು. ಕೊಯ್ದರೆ ಮನೆ ಸೇರುವುದು ಕೊಯ್ಲಿನ ಅಲುಗಾಟಕ್ಕೂ ಉದುರದೆ ಉಳಿದ ಕಾಳು. ಎರಡೂ ಕಡೆ ಜನರಿಗೆ ಬೇಕಿದ್ದದ್ದು ಊಟದ ಕಾಳು ಮಾತ್ರ, ತಳಿ ಸುಧಾರಿಸುವ ಯೋಚನೆ ಯಾರಿಗೂ ಇರಲಿಲ್ಲ. ಆದರೂ ಉಳಿದ ಕಾಳನ್ನು ಬಿತ್ತಿದಾಗ ಒಂದು ದಾರಿ ಉದುರುವ ಗುಣವನ್ನು ಹಾಗೇ ಉಳಿಸಿತು, ಇನ್ನೊಂದು ಅದನ್ನು ಕಳೆಯುತ್ತ ಹೋಯಿತು. ಡಾರ್ವಿನ್ 1859ರಲ್ಲಿ ತನ್ನ ವಾದವನ್ನು ಮಂಡಿಸುವಾಗ ಪಾರಿವಾಳ, ಕುರಿ, ದನಗಳ ಸಾಕಣೆಯಿಂದಲೇ ಶುರುಮಾಡಿದ. ಗುರಿಯಿಟ್ಟು ಮಾಡುವ ಆಯ್ಕೆ ಬೇರೆ, ಅರಿವಿಲ್ಲದೆ ನಡೆಯುವ ಆಯ್ಕೆ ಬೇರೆ ಎಂದು ಅವನು ಬಿಡಿಸಿ ಹೇಳಿದ್ದ. ಬೆಳೆಗಳ ಇತಿಹಾಸದಲ್ಲಿ ಎರಡನೆಯದರ ಪಾಲು ದೊಡ್ಡದು.

ಲೆಕ್ಕ ಹಾಕಿ ನೋಡೋಣ. ಹತ್ತು ಲಕ್ಷ ಗಿಡಗಳಲ್ಲಿ ಒಂದರ ಕಾಳು ಉದುರುವುದಿಲ್ಲ ಎಂದಿಟ್ಟುಕೊಳ್ಳಿ. ಉಳಿದವು ಕೊಯ್ಲಿನ ಹೊತ್ತಿಗೆ ಅರ್ಧ ಕಾಳನ್ನು ನೆಲಕ್ಕೆ ಚೆಲ್ಲಿರುತ್ತವೆ. ಹಾಗಾದರೆ ಮನೆಗೆ ಬಂದ ರಾಶಿಯಲ್ಲಿ ಉದುರದ ಗಿಡದ ಪಾಲು ಪ್ರತಿವರ್ಷ ಎರಡು ಪಟ್ಟಾಗುತ್ತದೆ. 20 ಸಲ ಎರಡು ಪಟ್ಟಾದರೆ ಹತ್ತು ಲಕ್ಷ ದಾಟುತ್ತದೆ. ಅಂದರೆ ಸುಮಾರು 20 ವರ್ಷಕ್ಕೆ ಹೊಲದ ಅರ್ಧ ಗಿಡಗಳು ಉದುರದ ಜಾತಿಯವು. ಅದೇ ವ್ಯತ್ಯಾಸ ಅರ್ಧದಷ್ಟಲ್ಲದೆ ನೂರಕ್ಕೆ ಒಂದರಷ್ಟಿದ್ದರೆ, ಅಲ್ಲಿಗೆ ತಲುಪಲು ಸುಮಾರು 1400 ವರ್ಷ ಹಿಡಿಯುತ್ತದೆ. ಒಬ್ಬರ ಜೀವಮಾನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲಾಭವೂ ಬಿಡದೆ ಕೂಡುತ್ತ ಹೋದರೆ ಕೊನೆಗೆ ಹೊಲವನ್ನೆಲ್ಲ ಆವರಿಸುತ್ತದೆ.

ನಿಜವಾಗಿ ಎಷ್ಟು ಕಾಲ ಹಿಡಿಯಿತು? ಪಶ್ಚಿಮ ಏಷ್ಯಾದ ಗೋಧಿ, ಬಾರ್ಲಿಯ ಕಾಡುರೂಪಗಳನ್ನು ಕೊಯ್ದು ಅಳೆದು ಲೆಕ್ಕ ಹಾಕಿದವರು 1990ರಲ್ಲಿ 20ರಿಂದ 200 ವರ್ಷ ಸಾಕು ಎಂದಿದ್ದರು. ಆಮೇಲೆ ಉತ್ಖನನಗಳಲ್ಲಿ ಸಿಕ್ಕ ಸುಟ್ಟ ತೆನೆಯ ಚೂರುಗಳನ್ನು ಎಣಿಸಿದಾಗ ಈ ಬದಲಾವಣೆ ಎರಡು ಸಾವಿರ ವರ್ಷದಷ್ಟು ಎಳೆದಿತ್ತೆಂದು ಕಂಡುಬಂತು. ಕಾರಣಗಳು ಹೊಲದ ಕೆಲಸ ಬಲ್ಲವರಿಗೆ ಹೊಸವೇನಲ್ಲ. ಉದುರುವ ಭಯಕ್ಕೆ ತೆನೆಯನ್ನು ಹಸಿಯಿರುವಾಗಲೇ ಕೊಯ್ದರೆ ಎರಡೂ ಜಾತಿಯ ಕಾಳು ಸಮನಾಗಿ ಮನೆಗೆ ಬರುತ್ತದೆ, ಆಯ್ಕೆಯೇ ನಡೆಯುವುದಿಲ್ಲ. ನೆಲಕ್ಕೆ ಬಿದ್ದದ್ದನ್ನು ಗುಡಿಸಿ ತಂದರೂ ಅದೇ ಕತೆ. ಬರ ಬಂದು ಬೀಜ ತೀರಿದ ವರ್ಷ ಮತ್ತೆ ಕಾಡಿನಿಂದ ಬೀಜ ತಂದರೆ ಗಳಿಸಿದ್ದೆಲ್ಲ ಕರಗುತ್ತದೆ. ಇನ್ನೊಂದು ಕಾರಣ ಸುಲಭಕ್ಕೆ ಹೊಳೆಯುವುದಿಲ್ಲ. ಪ್ರತಿವರ್ಷ ಅದೇ ಹೊಲದಲ್ಲಿ ಬಿತ್ತಿದರೆ, ಹೋದ ಸಲ ಉದುರಿಬಿದ್ದ ಕಾಳೂ ಮೊಳೆತು ಮೇಲೆ ಬರುತ್ತದೆ. ಉದುರುವ ಗಿಡಕ್ಕೆ ಅಲ್ಲಿ ನಷ್ಟವೇ ಇಲ್ಲ. ಕೊಯ್ದ ಬೀಜವನ್ನು ಹೊಸ ನೆಲಕ್ಕೆ ಒಯ್ದು ಬಿತ್ತಿದಾಗ ಮಾತ್ರ ಕುಡುಗೋಲಿನ ಆಯ್ಕೆ ಪೂರ್ತಿ ಬಲದಿಂದ ಕೆಲಸ ಮಾಡುತ್ತದೆ.

ಉದುರುವುದು ನಿಂತದ್ದರ ಜತೆಗೆ ಬೇರೆ ಗುಣಗಳೂ ಹೀಗೇ ಬದಲಾದವು. ಕಾಡುಹುಲ್ಲಿನ ಬೀಜಗಳು ಒಂದೇ ಮಳೆಗೆ ಎಲ್ಲವೂ ಮೊಳೆಯುವುದಿಲ್ಲ. ಕೆಲವು ಮುಂದಿನ ವರ್ಷಕ್ಕೂ ಅದರಾಚೆಗೂ ಮಣ್ಣಿನಲ್ಲಿ ನಿದ್ರಿಸುತ್ತವೆ, ಬರಗಾಲಕ್ಕೆ ಅದೇ ರಕ್ಷಣೆ. ಬಿತ್ತಿ ಒಂದೇ ಸಲ ಕೊಯ್ಯುವ ಹೊಲದಲ್ಲಿ ತಡವಾಗಿ ಎದ್ದ ಗಿಡ ಕೊಯ್ಲಿಗೆ ಸಿಗುವುದಿಲ್ಲ, ಅದರ ಬೀಜ ಮನೆಗೆ ಬರುವುದಿಲ್ಲ. ಹಾಗಾಗಿ ಬಿತ್ತಿದ ಒಂದೇ ವಾರದಲ್ಲಿ ಒಟ್ಟಿಗೆ ಮೊಳೆಯುವ ಗುಣ ಗೆದ್ದಿತು. ಮಣ್ಣಿನಲ್ಲಿ ಆಳಕ್ಕೆ ಬಿದ್ದ ಬೀಜಗಳಲ್ಲಿ ದಪ್ಪ ಕಾಳಿನದಕ್ಕೆ ಮೇಲೆ ಬರುವ ತ್ರಾಣ ಹೆಚ್ಚು. ಕಾಳು ದಪ್ಪವಾದದ್ದರ ಹಿಂದೆ ಹೆಚ್ಚು ಹಿಟ್ಟಿನ ಆಸೆಯಷ್ಟೇ ಅಲ್ಲ, ಬಿತ್ತನೆಯ ಆಳದ ಕೈವಾಡವೂ ಇರಬೇಕೆಂದು ತಜ್ಞರು ಎಣಿಸುವುದು ಈ ಕಾರಣಕ್ಕೆ.

ದೊಡ್ಡ ತೆನೆ ಆರಿಸಿದರೂ ಬೆಳೆ ಬದಲಾಗದಿರುವುದೇಕೆ

ಈಗ ಗುರಿಯಿಟ್ಟು ಮಾಡುವ ಆಯ್ಕೆಗೆ ಬರೋಣ. ಹೊಲದಲ್ಲಿ ಅತಿ ದೊಡ್ಡ ತೆನೆಗಳನ್ನು ಆಯ್ದು ಬೀಜಕ್ಕೆ ಎತ್ತಿಟ್ಟರೆ ವರ್ಷವರ್ಷವೂ ತೆನೆ ದೊಡ್ಡದಾಗುತ್ತ ಹೋಗಬೇಕಲ್ಲವೇ? ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಎಳ್ಳಷ್ಟೂ ಆಗುವುದಿಲ್ಲ. ಯಾವಾಗ, ಏಕೆ ಎಂಬುದನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್ 1903ರಲ್ಲಿ ಹುರುಳಿಕಾಯಿಯ ಬೀಜಗಳಿಂದ ತೋರಿಸಿಕೊಟ್ಟ. ಬೆರಕೆ ಬೀಜದಿಂದ ದಪ್ಪ ಕಾಳು ಆರಿಸಿದರೆ ಮುಂದಿನ ಬೆಳೆಯ ಸರಾಸರಿ ಏರುತ್ತಿತ್ತು. ಆದರೆ ಒಂದೇ ಗಿಡದಿಂದ ಬಂದ ಸಂತಾನವನ್ನು, ಅಂದರೆ ಶುದ್ಧ ಸಾಲನ್ನು, ತೆಗೆದುಕೊಂಡು ಅದರೊಳಗೆ ದಪ್ಪದನ್ನು ಬೇರೆ, ಸಣ್ಣದನ್ನು ಬೇರೆ ಬಿತ್ತಿದರೆ ಎರಡರ ಮಕ್ಕಳೂ ಒಂದೇ ತೂಕ. ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಸಿದರೂ ಫಲಿತಾಂಶ ಅದೇ. ಶುದ್ಧ ಸಾಲಿನೊಳಗೆ ಕಾಳಿನ ದಪ್ಪ ಸಣ್ಣದಕ್ಕೆ ಕಾರಣ ಮಣ್ಣು, ನೀರು, ಕಾಯಿಯಲ್ಲಿ ಬೀಜ ಕೂತ ಜಾಗ. ಅದು ಬೀಜದಲ್ಲಿ ಇಳಿಯುವ ಗುಣವಲ್ಲ.

ರಾಗಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಹುರುಳಿಕಾಯಿಯಂತೆ ರಾಗಿಯೂ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಪಕ್ಕದ ಗಿಡದ ಪರಾಗ ಸೇರುವುದು ನೂರಕ್ಕೆ ಒಂದರ ಆಸುಪಾಸು. ಆದ್ದರಿಂದ ಅಧಿಕೃತ ತಳಿಯೊಂದರ ಹೊಲದಲ್ಲಿ ದೊಡ್ಡ ತೆನೆ ಹುಡುಕಿ ಬೀಜಕ್ಕಿಟ್ಟರೆ ತಳಿ ಸುಧಾರಿಸದು. ಬೆರಕೆ ತೆಗೆದು ಶುದ್ಧತೆ ಕಾಯ್ದುಕೊಳ್ಳಬಹುದು, ಅಷ್ಟೇ. ಎಡಗು, ಹಸಿರುಕಡ್ಡಿ, ಉದುರುಮಲ್ಲಿಗೆಯಂಥ ನಾಟಿ ರಾಗಿಗಳ ವಿಷಯ ಬೇರೆ. ನಾಟಿ ತಳಿಯ ಹೊಲವೆಂದರೆ ಹಲವು ಶುದ್ಧ ಸಾಲುಗಳು ಬೆರೆತ ಹೊಲ. ಅಲ್ಲಿ ಆರಿಸಲು ಏನಾದರೂ ಇದೆ.

ಎಷ್ಟು ಏರುತ್ತದೆ ಎಂಬುದಕ್ಕೆ ತಳಿ ತಜ್ಞರು ಬಳಸುವ ಸೂತ್ರ ತೀರಾ ಸರಳ. ಆರಿಸಿದ ಗಿಡಗಳ ಸರಾಸರಿಗೂ ಇಡೀ ಹೊಲದ ಸರಾಸರಿಗೂ ಇರುವ ಅಂತರವನ್ನು ಅನುವಂಶೀಯತೆಯಿಂದ, ಅಂದರೆ ಆ ಅಂತರದಲ್ಲಿ ತಳಿಗುಣದಿಂದ ಬಂದ ಪಾಲಿನಿಂದ, ಗುಣಿಸಬೇಕು. ಹೊಲದ ತೆನೆಗಳಲ್ಲಿ ಸರಾಸರಿ 6 ಗ್ರಾಂ ಕಾಳಿದ್ದು, ಆರಿಸಿದವುಗಳ ಸರಾಸರಿ 10 ಗ್ರಾಂ ಎಂದಿಟ್ಟುಕೊಳ್ಳಿ. ಅಂತರ 4 ಗ್ರಾಂ. ಆ ಅಂತರದಲ್ಲಿ ಕಾಲುಭಾಗ ಮಾತ್ರ ತಳಿಗುಣದಿಂದ ಬಂದು ಉಳಿದದ್ದು ಗೊಬ್ಬರ, ನೀರು, ಬಿಸಿಲಿನಿಂದ ಬಂದಿದ್ದರೆ ಮುಂದಿನ ಬೆಳೆಯ ಸರಾಸರಿ 7 ಗ್ರಾಂ ಆಗುತ್ತದೆ, 10 ಅಲ್ಲ. ಶುದ್ಧ ಸಾಲಿನಲ್ಲಿ ಆ ಪಾಲು ಸೊನ್ನೆ, ಹಾಗಾಗಿ 6 ಗ್ರಾಮಿಗೇ ನಿಲ್ಲುತ್ತದೆ.

ಆದ್ದರಿಂದ ನಾಟಿ ರಾಗಿಯಲ್ಲಿ ಬೀಜ ಆರಿಸುವವರು ಮೊದಲು ಮಾಡಬೇಕಾದದ್ದು ಗೊಬ್ಬರ, ನೀರಿನಿಂದ ಬಂದ ಭ್ರಮೆಯನ್ನು ತೆಗೆಯುವುದು. ಬದುವಿನ ಪಕ್ಕದ ಎರಡು ಮೂರು ಸಾಲು ಬಿಡಬೇಕು, ಅಲ್ಲಿ ಬಿಸಿಲೂ ಜಾಗವೂ ಹೆಚ್ಚು. ಅಕ್ಕಪಕ್ಕ ಗಿಡ ಸತ್ತು ಜಾಗ ಖಾಲಿಯಾಗಿರುವ ಗಿಡ ಬೇಡ, ತಿಪ್ಪೆ ಇದ್ದ ಜಾಗದ ಗಿಡವೂ ಬೇಡ. ಇಡೀ ಹೊಲದ ನೂರು ದೊಡ್ಡ ತೆನೆಗಳನ್ನು ಕಿತ್ತುಕೊಂಡರೆ ಅವು ಹೆಚ್ಚಾಗಿ ಫಲವತ್ತಾದ ಒಂದೇ ಮೂಲೆಯಿಂದ ಬಂದಿರುತ್ತವೆ. ಬದಲಿಗೆ ಹೊಲವನ್ನು 20 ಚೌಕಗಳಾಗಿ ಮನಸ್ಸಿನಲ್ಲೇ ಗುರುತಿಸಿಕೊಂಡು, ಪ್ರತಿ ಚೌಕದಲ್ಲಿ ನೆರೆಯ ಗಿಡಗಳಿಗಿಂತ ಮೇಲಾದ ಐದನ್ನು ಆರಿಸುವುದು ಸರಿ. ಬಡ ಮೂಲೆಯಲ್ಲಿ ನೆರೆಯವರನ್ನು ಮೀರಿಸಿ ನಿಂತ ಸಾಧಾರಣ ಗಾತ್ರದ ತೆನೆ, ತಿಪ್ಪೆ ಪಕ್ಕದ ಭಾರಿ ತೆನೆಗಿಂತ ಒಳ್ಳೆಯ ತಾಯಿ. ಮುಖ್ಯವಾಗಿ, ಕಣದಲ್ಲಿ ರಾಶಿಯಿಂದ ಬೀಜ ತೆಗೆಯುವ ಪದ್ಧತಿಯಲ್ಲಿ ಆಯ್ಕೆಗೆ ಅವಕಾಶವೇ ಇಲ್ಲ. ಗಿಡ ನಿಂತಿರುವಾಗಲೇ ದಾರ ಕಟ್ಟಿ ಗುರುತು ಮಾಡಬೇಕು, ಏಕೆಂದರೆ ಎಷ್ಟು ತೆಂಡೆ ಒಡೆಯಿತು, ಯಾವಾಗ ತೆನೆ ಹಾಯಿತು, ಬೆಂಕಿ ರೋಗ ತಗುಲಿತೇ ಎಂಬುದು ರಾಶಿಯಲ್ಲಿ ತಿಳಿಯುವುದಿಲ್ಲ.

ಸಂಖ್ಯೆಯ ಬಗ್ಗೆಯೂ ಒಂದು ಮಾತು. ಸಾವಿರ ರಾಗಿ ಕಾಳು ಎರಡೂವರೆಯಿಂದ ಮೂರು ಗ್ರಾಂ ತೂಗುತ್ತದೆ. ನಾಟಿ ಹಾಕುವುದಾದರೆ ಎಕರೆಗೆ ಎರಡು ಕೆಜಿ ಬೀಜ ಸಾಕು. ತೆನೆಗೆ 5 ಗ್ರಾಂ ಲೆಕ್ಕ ಹಿಡಿದರೆ 400 ತೆನೆ. ಹತ್ತು ಅತ್ಯುತ್ತಮ ತೆನೆಗಳನ್ನಷ್ಟೇ ಇಟ್ಟುಕೊಂಡು ಎರಡು ವರ್ಷದಲ್ಲಿ ಹೆಚ್ಚಿಸಿಕೊಳ್ಳುವುದೂ ಸಾಧ್ಯ, ಆದರೆ ಹಾಗೆ ಮಾಡಿದರೆ ಹೊಲದಲ್ಲಿದ್ದ ಸಾಲುಗಳಲ್ಲಿ ಬಹುಪಾಲು ಒಂದೇ ಏಟಿಗೆ ಕಳೆದುಹೋಗುತ್ತವೆ. ಮಳೆ ತಪ್ಪಿದ ವರ್ಷಕ್ಕೋ ಹೊಸ ರೋಗಕ್ಕೋ ತಡೆದು ನಿಲ್ಲಬಹುದಾಗಿದ್ದ ಸಾಲು ಅವುಗಳಲ್ಲೇ ಇದ್ದಿರಬಹುದು. ನೂರಾರು ತೆನೆಗಳಿಂದ ಬೀಜ ಕೂಡಿಸುವುದರ ಅರ್ಥ ಇದು.

ಗಾತ್ರವೊಂದನ್ನೇ ನೋಡಿ ಆರಿಸಿದರೆ ಇನ್ನೊಂದು ತೊಂದರೆ ಬರುತ್ತದೆ. ತಡವಾಗಿ ಮಾಗುವ ಗಿಡಕ್ಕೆ ಬೆಳೆಯಲು ದಿನ ಹೆಚ್ಚು ಸಿಗುವುದರಿಂದ ತೆನೆ ದೊಡ್ಡದಿರುತ್ತದೆ. ನಾಲ್ಕಾರು ವರ್ಷ ದೊಡ್ಡ ತೆನೆಯನ್ನೇ ಆರಿಸಿದವರ ರಾಗಿ ನಿಧಾನವಾಗಿ ದೀರ್ಘಾವಧಿಗೆ ಜಾರುತ್ತದೆ. ಹಿಂಗಾರು ಮಳೆ ಕೈಕೊಟ್ಟ ವರ್ಷ ಕಾಳು ಕಟ್ಟುವ ಹೊತ್ತಿಗೆ ನೆಲ ಒಣಗಿರುತ್ತದೆ. ಬೀಜ ಕೆಟ್ಟಿತು ಎಂದು ದೂರುವುದು ಆಗ, ಆದರೆ ಬೀಜ ನಾವು ಆರಿಸಿದ ಕಡೆಗೇ ಹೋಗಿದೆ. ಒಂದು ಗುಣವನ್ನು ಎಳೆದರೆ ಅದಕ್ಕೆ ಅಂಟಿಕೊಂಡ ಇನ್ನೊಂದು ಜತೆಗೆ ಬರುತ್ತದೆ. 1959ರಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ಸಾಕಾಣಿಕೆ ಕೇಂದ್ರಗಳ ಬೆಳ್ಳಿನರಿಗಳಲ್ಲಿ ಮನುಷ್ಯರಿಗೆ ಹೆದರದವನ್ನಷ್ಟೇ ಆರಿಸುವ ಪ್ರಯೋಗ ಶುರುಮಾಡಿದ, ಅವನ ನಂತರ ಲ್ಯುಡ್ಮಿಲಾ ತ್ರುತ್ ಮುಂದುವರಿಸಿದರು. ಕೆಲವೇ ಪೀಳಿಗೆಗಳಲ್ಲಿ ನರಿಗಳು ನಾಯಿಮರಿಗಳಂತೆ ಬಾಲ ಆಡಿಸತೊಡಗಿದವು, ಕೆಲವುದರಲ್ಲಿ ಜೋಲುಕಿವಿ, ಬಿಳಿಮಚ್ಚೆಗಳೂ ಕಾಣಿಸಿದವು. ಆ ಮಚ್ಚೆಗಳಲ್ಲಿ ಎಷ್ಟು ಹಳೆಯ ಸಾಕುನರಿಗಳಲ್ಲೇ ಇದ್ದವು ಎಂಬ ತಕರಾರು ಇಂದಿಗೂ ಇದೆ. ಸ್ವಭಾವ ಬದಲಾದದ್ದರ ಬಗ್ಗೆ ತಕರಾರಿಲ್ಲ.

ಇಲ್ಲದ್ದನ್ನು ಆಯ್ಕೆ ಹೇಗೆ ತರುತ್ತದೆ

ಆಯ್ಕೆ ಎಂದರೆ ಇರುವುದರಲ್ಲಿ ಕೆಟ್ಟದ್ದನ್ನು ತೆಗೆದುಹಾಕುವುದು, ಅದರಿಂದ ಹೊಸದು ಬರಲು ಸಾಧ್ಯವೇ ಎಂಬ ಆಕ್ಷೇಪ ಹಳೆಯದು. ಇದಕ್ಕೆ ಉತ್ತರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೋಳದ ಹೊಲದಲ್ಲಿದೆ, ಅಂದರೆ ನಮ್ಮ ಮೆಕ್ಕೆಜೋಳ. 1896ರಲ್ಲಿ ಸಿರಿಲ್ ಹಾಪ್‌ಕಿನ್ಸ್ 163 ತೆನೆಗಳ ಕಾಳನ್ನು ವಿಶ್ಲೇಷಿಸಿದ. ಎಣ್ಣೆಯ ಸರಾಸರಿ ಶೇ 4.7, ಪ್ರೋಟೀನಿನದು ಶೇ 10.9. ಎಣ್ಣೆ ಹೆಚ್ಚಿರುವ ತೆನೆಗಳ ಬೀಜ ಒಂದು ತಾಕಿನಲ್ಲಿ, ಕಡಿಮೆ ಇರುವವುಗಳ ಬೀಜ ಇನ್ನೊಂದರಲ್ಲಿ, ಪ್ರೋಟೀನಿಗೂ ಹಾಗೇ ಎರಡು ತಾಕು. ಪ್ರತಿವರ್ಷ ಅಳತೆ, ಆಯ್ಕೆ, ಬಿತ್ತನೆ. ನೂರು ಪೀಳಿಗೆ ದಾಟುವ ಹೊತ್ತಿಗೆ ಎಣ್ಣೆ ಹೆಚ್ಚಿಸಿದ ಸಾಲು ಶೇ 20ನ್ನು ಮೀರಿತ್ತು. ಕಡಿಮೆ ಮಾಡಿದ ಸಾಲಿನಲ್ಲಿ ಅಳೆಯಲಾಗದಷ್ಟು ಇಳಿದಿತ್ತು. ಮೊದಲ ವರ್ಷದ 163 ತೆನೆಗಳಲ್ಲಿ ಒಂದೂ ಈ ಎರಡು ತುದಿಗಳ ಹತ್ತಿರಕ್ಕೂ ಇರಲಿಲ್ಲ.

ಎಲ್ಲಿಂದ ಬಂತು ಇದು? ಮತ್ತೆ ಲೆಕ್ಕ. ಒಂದು ಗುಣವನ್ನು 20 ವಂಶವಾಹಿಗಳು ಸೇರಿ ನಿರ್ಧರಿಸುತ್ತವೆ, ಪ್ರತಿಯೊಂದಕ್ಕೂ ಏರಿಸುವ ರೂಪ, ಇಳಿಸುವ ರೂಪ ಎಂದು ಎರಡಿವೆ, ಎರಡೂ ಅರ್ಧರ್ಧ ಇವೆ ಎಂದಿಟ್ಟುಕೊಳ್ಳಿ. ಒಂದು ಪರಾಗಕಣದಲ್ಲಿ 20ಕ್ಕೆ 20ರಲ್ಲೂ ಏರಿಸುವ ರೂಪವೇ ಇರುವ ಸಂಭವ 10,48,576ರಲ್ಲಿ ಒಂದು. ಕೆಲವು ಸಾವಿರ ಗಿಡದ ಹೊಲದಲ್ಲಿ ಅದು ಹುಟ್ಟುವುದೇ ಇಲ್ಲ ಎನ್ನಬಹುದು. ಈಗ ಆಯ್ಕೆಯಿಂದ ಒಂದೊಂದು ವಂಶವಾಹಿಯ ಏರಿಸುವ ರೂಪವೂ ಸ್ವಲ್ಪಸ್ವಲ್ಪವಾಗಿ ಹೆಚ್ಚಿ ನೂರಕ್ಕೆ 90 ತಲುಪಿದೆ ಎನ್ನಿ. ಆಗ ಅದೇ ಜೋಡಣೆ ನೂರಕ್ಕೆ 12 ಪರಾಗಕಣಗಳಲ್ಲಿ ಸಿಗುತ್ತದೆ. ಹೊಸ ವಂಶವಾಹಿ ಒಂದೂ ಬಂದಿಲ್ಲ, ಆದರೂ ಹಿಂದೆಂದೂ ಇಲ್ಲದ ಗಿಡ ಈಗ ಹೊಲದ ತುಂಬ ಇದೆ. ವಿಕಾಸದಲ್ಲಿ ಅರ್ಥಮಾಡಿಕೊಳ್ಳಲೇಬೇಕಾದ ಒಂದೇ ಒಂದು ಲೆಕ್ಕ ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕು. ಕಣ್ಣಿನಂಥ ಸಂಕೀರ್ಣ ಅಂಗ ಒಮ್ಮೆಗೇ ಆಕಸ್ಮಿಕವಾಗಿ ಜೋಡಣೆಯಾಗಲು ಸಾಧ್ಯವಿಲ್ಲ ಎಂಬ ವಾದ ಸರಿಯೇ, ಆದರೆ ಯಾರೂ ಒಮ್ಮೆಗೇ ಆಗುತ್ತದೆ ಎನ್ನುತ್ತಿಲ್ಲ.

ಇಲಿನಾಯ್‌ನಲ್ಲಿ 48ನೇ ಪೀಳಿಗೆಯಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಏರಿಸುತ್ತ ಬಂದ ಸಾಲಿನ ಒಂದು ಭಾಗವನ್ನು ತೆಗೆದು, ಈಗ ಕಡಿಮೆ ಇರುವುದನ್ನು ಆರಿಸಲು ಶುರುಮಾಡಿದರು. ಅದು ಇಳಿಯತೊಡಗಿತು. ಐವತ್ತು ವರ್ಷದ ಬಿಗಿ ಆಯ್ಕೆಯ ನಂತರವೂ ಒಳಗೆ ವ್ಯತ್ಯಾಸ ಉಳಿದೇ ಇತ್ತು. ಇದಕ್ಕೆಲ್ಲ ತೆತ್ತ ಬೆಲೆಯೂ ಇದೆ. ಅತಿರೇಕಕ್ಕೆ ಹೋದ ಆ ಸಾಲುಗಳ ಇಳುವರಿ ಸಾಮಾನ್ಯ ಜೋಳಕ್ಕಿಂತ ಕಡಿಮೆ.

ಮೆಕ್ಕೆಜೋಳದಲ್ಲಿ ಈ ಬೆರೆಯುವಿಕೆ ತಾನಾಗಿ ನಡೆಯುತ್ತದೆ, ಗಂಡು ಹೂ ತುದಿಯಲ್ಲಿ, ಹೆಣ್ಣು ಹೂ ನಡುವೆ, ಪರಾಗ ಗಾಳಿಯಲ್ಲಿ. ತನ್ನೊಳಗೇ ಮುಚ್ಚಿಕೊಂಡ ರಾಗಿಯಲ್ಲಿ ಬೆರೆಯುವಿಕೆಯನ್ನು ಮನುಷ್ಯರೇ ಮಾಡಿಸಬೇಕು, ಅದು ಬಲು ಸೂಕ್ಷ್ಮದ ಕೆಲಸ. ಹೂ ಎಷ್ಟು ಚಿಕ್ಕದೆಂದರೆ ಕೇಸರ ಕಿತ್ತು ಗಂಡುಭಾಗ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ, ಅರಳುವುದೂ ಬೆಳಗಿನ ಜಾವದಲ್ಲಿ. ಹಾಗಾಗಿ ಬಳಕೆಗೆ ಬಂದದ್ದು ತೆನೆಗೆ ತೆನೆ ತಾಗಿಸುವ ವಿಧಾನ. ಒಂದೇ ದಿನ ಹೂ ಬಿಡುವ ಎರಡು ಗಿಡ ಹುಡುಕಬೇಕು. ತಾಯಿ ಹಸಿರು ಕಡ್ಡಿಯದಾಗಿರಬೇಕು, ತಂದೆಯ ಕಡ್ಡಿ ಮತ್ತು ಗೆಣ್ಣಿನಲ್ಲಿ ನೇರಳೆ ಬಣ್ಣ ಇರಬೇಕು. ಎರಡು ತೆನೆಗಳ ಬೆರಳುಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿ, ಮೇಲೆ ಕಾಗದದ ಚೀಲ ಹಾಕಿ, ಕಾಳು ಕಟ್ಟುವವರೆಗೆ ಬಿಡಬೇಕು. ತಾಯಿಯ ತೆನೆಯ ಕಾಳುಗಳಲ್ಲಿ ಬಹುಪಾಲು ತನ್ನ ಪರಾಗದಿಂದಲೇ ಆದವು, ಕೆಲವು ಮಾತ್ರ ಸಂಕರ. ಯಾವುದು ಯಾವುದೆಂದು ಕಾಳು ನೋಡಿ ಹೇಳಲಾಗದು. ಬಿತ್ತಿದ ಮೇಲೆ ಹಸಿರು ಸಸಿಗಳ ನಡುವೆ ನೇರಳೆ ಗೆಣ್ಣಿನದು ಕಾಣಿಸಿದರೆ ಅದು ಸಂಕರ, ಏಕೆಂದರೆ ನೇರಳೆ ಬಣ್ಣ ಹಸಿರಿನ ಮೇಲೆ ಮೇಲುಗೈ ಪಡೆಯುವ ಗುಣ. ತಂದೆತಾಯಿಯನ್ನು ಅದಲುಬದಲು ಮಾಡಿದರೆ ಈ ಗುರುತು ಕೈತಪ್ಪಿ ಇಡೀ ಶ್ರಮ ವ್ಯರ್ಥ.

ಅಲ್ಲಿಂದ ಮುಂದೆ ತಾಳ್ಮೆಯ ಕೆಲಸ. ಮೊದಲ ಪೀಳಿಗೆಯ ಸಂಕರ ಗಿಡಗಳು ಒಂದೇ ಥರ ಇರುತ್ತವೆ. ಅವುಗಳ ಬೀಜ ಬಿತ್ತಿದಾಗ, ಎರಡನೇ ಪೀಳಿಗೆಯಲ್ಲಿ, ತಂದೆತಾಯಿಯ ಗುಣಗಳು ಒಡೆದು ಬಗೆಬಗೆಯ ಜೋಡಣೆಗಳು ಹೊರಬರುತ್ತವೆ. ಆಯ್ಕೆಯ ಹಬ್ಬ ಇಲ್ಲೇ, ಸಾವಿರಾರು ಗಿಡ ಬೆಳೆಸದಿದ್ದರೆ ಒಳ್ಳೆಯ ಜೋಡಣೆ ಸಿಗುವುದಿಲ್ಲ. ಎರಡನೇ ಪೀಳಿಗೆಯಲ್ಲಿ ಒಡೆಯುವ ವಂಶವಾಹಿಗಳಲ್ಲಿ ಅರ್ಧ ಇನ್ನೂ ಮಿಶ್ರವಾಗಿರುತ್ತವೆ, ಮುಂದಿನದರಲ್ಲಿ ಕಾಲು, ಆಮೇಲೆ ಅರೆಕಾಲು. ಆರನೇ ಪೀಳಿಗೆಗೆ ಅದು ಶೇ 3ರ ಹತ್ತಿರ ಬಂದು ಸಾಲು ಸ್ಥಿರವಾಗುತ್ತದೆ. ಅದಕ್ಕೆ ಮೊದಲೇ ತಳಿ ಎಂದು ಬೀಜ ಹಂಚಿದರೆ ರೈತರ ಹೊಲದಲ್ಲಿ ಅದು ಒಡೆಯುತ್ತದೆ, ಉದ್ದ ಗಿಡ್ಡ ಬೆರೆತು ನಿಲ್ಲುತ್ತದೆ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ತಳಿ ತಜ್ಞ ಲಕ್ಷ್ಮಣಯ್ಯನವರು ಮಾಡಿದ್ದು ಇದನ್ನೇ. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಕೆಲವು ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಬಂದ ರಾಗಿ ಇಲ್ಲಿನ ಮಳೆ, ಮಣ್ಣು, ಮುದ್ದೆಗೆ ತಕ್ಕಂತೆ ಆಯ್ಕೆಯಾಗುತ್ತ ಬಂದಿತ್ತು. ಹಿಂದೆ ಉಳಿದ ಆಫ್ರಿಕಾದ ರಾಗಿ ಬೇರೆ ದಾರಿ ಹಿಡಿದು, ದಪ್ಪ ಕಡ್ಡಿ, ಭಾರಿ ತೆನೆ, ದಪ್ಪ ಕಾಳು, ಹಲವು ಸಾಲುಗಳಲ್ಲಿ ಬೆಂಕಿ ರೋಗ ತಡೆಯುವ ಶಕ್ತಿ ಗಳಿಸಿತ್ತು. ಲಕ್ಷ್ಮಣಯ್ಯನವರು ಎರಡನ್ನೂ ಮತ್ತೆ ಕೂಡಿಸಿ, ಇಂಡಿಯಾ ಮತ್ತು ಆಫ್ರಿಕಾದ ಹೆಸರು ಬೆರೆಸಿ ಇಂಡಾಫ್ ಎಂಬ ತಳಿಗಳ ಸಾಲನ್ನೇ ಕೊಟ್ಟರು. ನಂತರ ಬಂದು ಹೆಸರಾದ, ಬೆಂಕಿ ರೋಗ ತಡೆಯುವ ಜಿಪಿಯು-28 ತಳಿಯ ವಂಶದಲ್ಲೂ ಇಂಡಾಫ್ ತಳಿಗಳಿವೆ. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಶಾಲೆಯ ವಿಜ್ಞಾನ ಪಾಠದಲ್ಲಿ ಮೆಂಡೆಲ್‌ನ ಬಟಾಣಿಯ ಪಕ್ಕದಲ್ಲೇ ಬರಬೇಕು.

ಆರಿಸುವವರು ಯಾರೂ ಇಲ್ಲದಿದ್ದಾಗ

ಮೇಲಿನ ಲೆಕ್ಕಗಳಲ್ಲಿ ಎಲ್ಲೂ ಆರಿಸುವವರಿಗೆ ಬುದ್ಧಿ ಇರಬೇಕೆಂಬ ಷರತ್ತು ಇರಲಿಲ್ಲ. ಬರ, ರೋಗ, ಬೇಟೆಗಾರ ಪ್ರಾಣಿ, ಏನೇ ಇರಲಿ, ಸಂತಾನದ ಸಂಖ್ಯೆಯಲ್ಲಿ ವ್ಯತ್ಯಾಸ ಮಾಡಿದರೆ ಸಾಕು. ಪೆಸಿಫಿಕ್ ಸಾಗರದ ಗ್ಯಾಲಪಾಗಸ್ ದ್ವೀಪಸ್ತೋಮದ ಡಾಫ್ನಿ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿ ಪ್ರತಿಯೊಂದು ಹಕ್ಕಿಯ ಕಾಲಿಗೆ ಬಳೆ ತೊಡಿಸಿ, ಕೊಕ್ಕು ಅಳೆದಿಟ್ಟಿದ್ದರು. 1977ರಲ್ಲಿ ಬರ ಬಿತ್ತು. ಸಣ್ಣ ಬೀಜಗಳು ಬೇಗ ಮುಗಿದು, ಉಳಿದದ್ದು ನಮ್ಮ ನೆಗ್ಗಿಲ ಮುಳ್ಳಿನ ಬಳಗದ ಗಿಡವೊಂದರ ಗಟ್ಟಿ ಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕು. ನೆಲದ ಫಿಂಚ್ ಹಕ್ಕಿಗಳಲ್ಲಿ ನೂರಕ್ಕೆ ಸುಮಾರು 85 ಸತ್ತವು. ಬದುಕಿದವುಗಳ ಕೊಕ್ಕಿನ ದಪ್ಪ ಮೊದಲಿನ ಸರಾಸರಿಗಿಂತ ಅರ್ಧ ಮಿಲಿಮೀಟರಿನಷ್ಟು ಹೆಚ್ಚು, ಅವುಗಳ ಮರಿಗಳ ಕೊಕ್ಕೂ ದಪ್ಪ. ಯಾವ ಹಕ್ಕಿಯ ಕೊಕ್ಕೂ ಬೆಳೆಯಲಿಲ್ಲ ಎಂಬುದನ್ನು ಗಮನಿಸಬೇಕು. 1983ರಲ್ಲಿ ಎಲ್ ನಿನೊ ತಂದ ಭಾರಿ ಮಳೆಗೆ ದ್ವೀಪದ ತುಂಬ ಸಣ್ಣ ಬೀಜದ ಗಿಡಗಳು ಎದ್ದಾಗ ಆಯ್ಕೆ ತಿರುಗಿಬಿತ್ತು, ಸಣ್ಣ ಕೊಕ್ಕಿನವು ಹೆಚ್ಚು ಉಳಿದವು.

ನಮಗೆ ಹತ್ತಿರದ, ನೋವಿನ ಉದಾಹರಣೆ ಹತ್ತಿಯದು. ಭಾರತದಲ್ಲಿ ಬಿಟಿ ಹತ್ತಿಗೆ, ಅಂದರೆ ಕಾಯಿಕೊರಕವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ವಂಶವಾಹಿ ಸೇರಿಸಿದ ಹತ್ತಿಗೆ, ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಎರಡು ವಿಷ ವಂಶವಾಹಿಗಳ ಹತ್ತಿ ಬಂದದ್ದು 2006ರಲ್ಲಿ. ಹತ್ತು ವರ್ಷ ಕಳೆಯುವುದರೊಳಗೆ ಗುಲಾಬಿ ಕಾಯಿಕೊರಕ ಎರಡನ್ನೂ ಅರಗಿಸಿಕೊಂಡಿತು. ಹುಳು ವಿಷಕ್ಕೆ ಅಭ್ಯಾಸವಾಯಿತು ಎಂದು ಹೇಳುವುದುಂಟು, ನಡೆದದ್ದು ಬೇರೆ. ವಿಷ ತಡೆಯುವ ವಂಶವಾಹಿಯ ರೂಪ ಮೊದಲೇ ಅತಿ ಅಪರೂಪವಾಗಿ ಇತ್ತು. ಸಾವಿರಕ್ಕೆ ಒಂದರಂತೆ ಇತ್ತು ಎಂದಿಟ್ಟುಕೊಂಡರೆ, ತಂದೆತಾಯಿ ಇಬ್ಬರಿಂದಲೂ ಅದನ್ನು ಪಡೆದು ಪೂರ್ತಿ ತಡೆಯಬಲ್ಲ ಹುಳು ಹತ್ತು ಲಕ್ಷದಲ್ಲಿ ಒಂದು. ಅಂಥ ಪತಂಗ ಇನ್ನೊಂದು ಅಂಥದ್ದೇ ಪತಂಗದ ಜತೆ ಕೂಡಿದರೆ ಮರಿಗಳೆಲ್ಲ ವಿಷಕ್ಕೆ ಜಗ್ಗದವು. ಸಾಮಾನ್ಯ ಪತಂಗದ ಜತೆ ಕೂಡಿದರೆ ಮರಿಗಳಿಗೆ ಒಂದೇ ಕಡೆಯಿಂದ ಆ ರೂಪ ಸಿಕ್ಕಿರುತ್ತದೆ, ಬಿಟಿ ಗಿಡ ತಿಂದು ಅವು ಸಾಯುತ್ತವೆ. 450 ಗ್ರಾಂ ಬಿಟಿ ಬೀಜದ ಜತೆ 120 ಗ್ರಾಂ ಬಿಟಿ ಅಲ್ಲದ ಬೀಜದ ಪೊಟ್ಟಣ ಕೊಡುತ್ತಿದ್ದುದು ಇದಕ್ಕಾಗಿ. ಹೊಲದ ಸುತ್ತ ಅದನ್ನು ಬಿತ್ತಿದರೆ ಅಲ್ಲಿ ಸಾಮಾನ್ಯ ಪತಂಗಗಳು ಹೇರಳವಾಗಿ ಹುಟ್ಟಿ, ಅಪರೂಪದ ಬದುಕುಳಿದವುಗಳಿಗೆ ಜೋಡಿಯಾಗುತ್ತಿದ್ದವು. ಹುಳಕ್ಕೆಂದೇ ಐದು ಸಾಲು ಬೆಳೆಸುವುದು ಯಾರಿಗೆ ತಾನೇ ಸರಿಯೆನಿಸೀತು? ಆ ಪೊಟ್ಟಣ ಏಕೆ ಎಂದು ಮಾರುವವರು ಬಿಡಿಸಿ ಹೇಳಿದ್ದೂ ಕಡಿಮೆ. ಬಹಳ ಕಡೆ ಅದು ಬದುವಿನಲ್ಲೇ ಉಳಿಯಿತು. ಈಚೆಗೆ ಆ ಬೀಜವನ್ನು ಒಂದೇ ಪೊಟ್ಟಣದಲ್ಲಿ ಬೆರೆಸಿ ಕೊಡುವ ಪದ್ಧತಿ ಬಂದಿದೆ.

ಗುಲಾಬಿ ಕಾಯಿಕೊರಕವೇ ಮೊದಲು ಗೆದ್ದದ್ದಕ್ಕೂ ಕಾರಣವಿದೆ. ಹಸಿರು ಕಾಯಿಕೊರಕ ತೊಗರಿ, ಕಡಲೆ, ಟೊಮೆಟೊ ಎಲ್ಲವನ್ನೂ ತಿನ್ನುತ್ತದೆ, ಆ ಬೆಳೆಗಳಲ್ಲಿ ವಿಷದ ಆಯ್ಕೆ ಇಲ್ಲ. ಗುಲಾಬಿ ಹುಳುವಿಗೆ ಹತ್ತಿ ಬಿಟ್ಟರೆ ಗತಿಯಿಲ್ಲದಂತಿದೆ, ಆದ್ದರಿಂದ ಪ್ರತಿ ಪೀಳಿಗೆಯೂ ವಿಷದ ಜರಡಿಯಲ್ಲೇ ಹಾಯುತ್ತದೆ. ನೀರಾವರಿ ಇರುವಲ್ಲಿ ಬೆಳೆಯನ್ನು ಫೆಬ್ರುವರಿ, ಮಾರ್ಚಿನವರೆಗೆ ಎಳೆದರೆ ವರ್ಷಕ್ಕೆ ಇನ್ನಷ್ಟು ಪೀಳಿಗೆ, ಇನ್ನಷ್ಟು ಆಯ್ಕೆ. ಡಿಸೆಂಬರ್ ಹೊತ್ತಿಗೆ ಬೆಳೆ ಮುಗಿಸಿ, ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟದೆ ನಾಶಮಾಡುವುದು, ಬೇಗ ಮಾಗುವ ತಳಿ ಬಿತ್ತುವುದು, ಮೋಹಕ ಬಲೆ ಹಾಕಿ ಪತಂಗ ಎಣಿಸುವುದು ಎಂದು ಕೃಷಿ ಇಲಾಖೆ ಹೇಳುವುದರ ಹಿಂದಿರುವುದು ಈ ಲೆಕ್ಕ. ಊರೆಲ್ಲ ಒಟ್ಟಿಗೆ ಮಾಡಿದರೆ ಮಾತ್ರ ಫಲ, ಪತಂಗ ಬದು ನೋಡಿ ಹಾರುವುದಿಲ್ಲ.

ಕೊನೆಯದಾಗಿ, ಹೀಗೆ ಬದಲಾಗುತ್ತ ಹೋದದ್ದು ಬೇರೆ ಪ್ರಭೇದವಾಗುವುದು ಯಾವಾಗ? ರಾಗಿಯಲ್ಲಿ ಎರಡು ಬಗೆಯ ಉತ್ತರವೂ ಇದೆ. ನಮ್ಮ ಹೊಲ, ಬೀದಿ ಬದಿಯಲ್ಲೂ ರಾಗಿಯಂತೆ ಕಾಣುವ ಒಂದು ಕಳೆಹುಲ್ಲಿದೆ, ಕಾಡುರಾಗಿ ಎನ್ನುತ್ತಾರೆ. ಅದರ ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳು, ಅಂದರೆ ವರ್ಣತಂತುಗಳು, 18; ರಾಗಿಯಲ್ಲಿ 36. ಬಹಳ ಹಿಂದೆ ಈ ಕಳೆಯ ಪೂರ್ವಜ ಇನ್ನೊಂದು ಹುಲ್ಲಿನೊಡನೆ ಕೂಡಿ, ಹುಟ್ಟಿದ ಸಂಕರದಲ್ಲಿ ವರ್ಣತಂತುಗಳು ಇಮ್ಮಡಿಯಾಗಿ ರಾಗಿಯ ಕಾಡುಪೂರ್ವಜ ಹುಟ್ಟಿತು. ಇದು ಮೆಲ್ಲಗೆ ನಡೆದದ್ದಲ್ಲ, ಒಂದೆರಡು ಪೀಳಿಗೆಯ ಮಾತು. 18ರದ್ದಕ್ಕೂ 36ರದ್ದಕ್ಕೂ ಸಂಕರವಾದರೆ 27 ಬರುತ್ತದೆ, ಜೋಡಿ ಸರಿಹೋಗದೆ ಆ ಗಿಡ ಬಂಜೆಯಾಗುತ್ತದೆ. ಹಾಗಾಗಿ ಅವು ಬೇರೆ ಪ್ರಭೇದ. ಆದರೆ ಸಾವಿರಾರು ವರ್ಷದ ಆಯ್ಕೆ ರಾಗಿಯನ್ನು ಅದರ ನೇರ ಕಾಡುಪೂರ್ವಜನಿಂದ ಇನ್ನೂ ಅಷ್ಟು ದೂರ ಒಯ್ದಿಲ್ಲ. ಎರಡರಲ್ಲೂ 36 ವರ್ಣತಂತು, ಎರಡೂ ಕೂಡಿದರೆ ಕಾಳು ಕಟ್ಟುವ ಮಕ್ಕಳೇ ಹುಟ್ಟುತ್ತವೆ. ಸಸ್ಯಶಾಸ್ತ್ರಜ್ಞರು ಅವನ್ನು ಒಂದೇ ಪ್ರಭೇದದ ಎರಡು ಉಪಪ್ರಭೇದ ಎನ್ನುತ್ತಾರೆ.

ಪೂರ್ವ ಆಫ್ರಿಕಾದ ರಾಗಿ ಹೊಲಗಳಲ್ಲಿ ಇದರಿಂದ ಇಂದಿಗೂ ಕಾಟವಿದೆ. ಹೊಲದಂಚಿನ ಕಾಡುಹುಲ್ಲಿನ ಪರಾಗ ಆಗೀಗ ರಾಗಿಗೆ ಸೇರಿ ನಡುವಿನ ಗಿಡಗಳು ಹುಟ್ಟುತ್ತವೆ. ಕಳೆ ಕೀಳುವಾಗ ಹುಲ್ಲಿನಂತೆ ಕಂಡದ್ದನ್ನು ಕಿತ್ತೆಸೆಯುತ್ತಾರೆ, ರಾಗಿಯಂತೆ ಕಂಡದ್ದು ಉಳಿಯುತ್ತದೆ. ಹೀಗೆ ಪ್ರತಿ ಸುತ್ತು ಕಳೆ ಕಿತ್ತಾಗಲೂ ರಾಗಿಯನ್ನು ಹೆಚ್ಚು ಹೆಚ್ಚು ಹೋಲುವ ಕಳೆ ಉಳಿದುಕೊಳ್ಳುತ್ತದೆ. ಭತ್ತದ ಗದ್ದೆಗಳಲ್ಲಿ ಪೈರಿನಂತೆಯೇ ನೆಟ್ಟಗೆ ನಿಲ್ಲುವ ಕಳೆಹುಲ್ಲು ಬಂದದ್ದೂ ಹೀಗೆಯೇ. ಸಸಿಯಲ್ಲಿ ಗುರುತು ಸಿಗದ ಆ ಗಿಡ ತೆನೆ ಬಂದಾಗ ಮಾತ್ರ ಸಿಕ್ಕಿಬೀಳುತ್ತದೆ: ಕುಡುಗೋಲು ತಾಗುವ ಮೊದಲೇ ಅದರ ಕಾಳು ನೆಲ ಸೇರಿರುತ್ತದೆ, ಮುಂದಿನ ಮಳೆಗೆ ಮತ್ತೆ ಮೊಳೆಯಲು.